ಬಳ್ಳಾರಿ ಜಾಲಿಗೆ ಒಂದು ಡಿಗ್ರಿ

ಲಾರಿ ಎದುರಿಗೆ ಬಂದರೆ ನಾನು ಹೆದರಿದವನಲ್ಲ. ಓದಿದವರು ಎದುರಿಗೆ ಬಂದಾಗಲೇ ನನಗೆ ಏನಾದರೂ ಒಂದು ಆಗೋದು. ಇಪ್ಪತ್ತೆರಡು ವರ್ಷ ಹೀಗೇ ಆಯಿತು.

ಚೆನ್ನೈನಲ್ಲಿ ಗಿಂಡಿ ಹತ್ತಿರದ ಒಂದು ಕಾಲೇಜು. ಅಲ್ಲಿ ಗಿಡಮರಗಳ ಬಗ್ಗೆ ಓದಿಸೋ ಡಿಪಾರ್ಟ್‌ಮೆಂಟಿಗೆ ನಾನು ಜೀಪ್ ಡ್ರೈವರು. ನಮ್ಮಪ್ಪ ಹೊಸೂರು ಕಡೆಯಿಂದ ಚೆನ್ನೈನ ತಿರುವೊಟ್ಟಿಯೂರಿಗೆ ಫ್ಯಾಕ್ಟರಿ ಕೆಲಸಕ್ಕೆ ಬಂದವರು. ನಾನು ಓದಿದ್ದು ಐದನೇ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಅಪ್ಪ ಮನೆಯಲ್ಲಿ ತಿದ್ದಿಸಿದ್ದು.

ಈ ಕತೆಗಳನ್ನ ಹೇಳುತ್ತಿದ್ದವಳು ನನ್ನ ಹೆಂಡತಿ. ನಾನು ಪಕ್ಕದಲ್ಲಿ ಕೂತು ಹೂಂ ಅನ್ನೋನು. ಅವಳು ಹೋಗಿ ಹನ್ನೊಂದು ತಿಂಗಳಾಯಿತು. ಈಗ ಹೂಂ ಅನ್ನೋನು ಮಾತ್ರ ಉಳಿದಿದ್ದೀನಿ. ಅದಕ್ಕೇ ಬರೀತಿದ್ದೀನಿ. ಅವಳು ಹೇಳಿದ ಹಾಗೆ ಬರೋದಿಲ್ಲ.

ಮರಳು ಎಲ್ಲಿದೆ

ಎರಡು ಸಾವಿರದ ಇಸವಿ ಆಚೀಚೆ. ಒಂದು ದಿನ ಪ್ರೊಫೆಸರು ನನ್ನನ್ನ ರೂಮಿಗೆ ಕರೆದರು. ಅಲ್ಲೊಂದು ಹುಡುಗಿ ಕೂತಿತ್ತು. ಪಿಎಚ್‌ಡಿಗೆ ಸೇರಿದೆ ಅಂದರು. ಕನ್ನಡದ ವೈಷ್ಣವರ ಮನೆ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರೋರು. ಅಪ್ಪ ಬ್ಯಾಂಕಿನಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಹುಡುಗಿ ತಮಿಳಿನಲ್ಲಿ ಜವಾಬು ಹೇಳುತ್ತಿತ್ತು. ಆಮೇಲೆ ನನ್ನ ಹೆಂಡತಿ ಬಾಯಿಂದ ಕೇಳಿ ಕೇಳಿ ಕನ್ನಡ ಬಂತು. ಡಿಗ್ರಿಗಿಂತ ಮುಂಚೆ ಅದು ಬಂತು.

ಹುಡುಗಿಯ ಓದು ಏನಪ್ಪಾ ಅಂದರೆ, ಹೊರದೇಶದಿಂದ ಬಂದ ಗಿಡ ನಮ್ಮ ಮರಳುಗಾಡಿನಲ್ಲಿ ಹೇಗೆ ಹಬ್ಬುತ್ತೆ, ಅಲ್ಲಿ ಮೊದಲಿದ್ದ ಗಿಡಕ್ಕೆ ಏನು ಮಾಡುತ್ತೆ, ಇದು.

ಪ್ರೊಫೆಸರು ಹುಡುಗಿಗೆ ಒಂದು ಮಾತು ಹೇಳಿದರು. ನನ್ನೆದುರಿಗೇ ಹೇಳಿದರು.

"ಮೂರು ವರ್ಷಕ್ಕೆ ನಾನು ರಿಟೈರ್. ಅಷ್ಟರೊಳಗೆ ಮುಗಿಸಿದರೆ ಮುಗೀತು. ಇಲ್ಲದಿದ್ದರೆ ಇನ್ನೊಬ್ಬರ ಕೈಕೆಳಗೆ ಮೊದಲಿಂದ."

ಹುಡುಗಿ ತಲೆ ಆಡಿಸಿತು.

ಮಾರನೇ ದಿನ ಹುಡುಗಿಯ ಅಪ್ಪ ಬಂದರು. ನಾಮ, ಟೈ, ಕೈಯಲ್ಲಿ ಊಟದ ಡಬ್ಬಿ. ಬ್ಯಾಂಕಿಗೆ ಹೋಗೋ ದಾರಿಯಲ್ಲಿ ಬಂದಿದ್ದರು.

"ಸಾರ್, ತಮಿಳುನಾಡಿನಲ್ಲಿ ಮರಳುಗಾಡು ಎಲ್ಲಿದೆ?"

"ತೆಂಕಣ ತುದಿಯಲ್ಲಿದೆ ಸಾರ್, ತೂತ್ತುಕುಡಿ ಕಡೆ. ಕೆಂಪು ಮರಳಿನ ಗುಡ್ಡಗಳು. ತೇರಿ ಅಂತಾರೆ. ಗಾಳಿಗೆ ಗುಡ್ಡವೇ ಜಾಗ ಬದಲಾಯಿಸುತ್ತೆ."

ಅಪ್ಪ ಊಟದ ಡಬ್ಬಿಯನ್ನ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಮರಳೇ ಬೇಕು ಅಂದರೆ ನಮ್ಮ ಬೀಚಿನಲ್ಲೇ ಇದೆಯಲ್ಲ ಸಾರ್. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಾಯಂಕಾಲ ಕಾಫಿಗೆ ಮನೆಗೆ ಬರಬಹುದು."

ಪ್ರೊಫೆಸರು ಗಂಟೆ ಹೊತ್ತು ಮಾತಾಡಿ ಒಪ್ಪಿಸಿದರು. ಒಂದು ಕರಾರು ಬಿತ್ತು. ಡ್ರೈವರ್ ಜೊತೆ ಹುಡುಗಿ ಒಂಟಿಯಾಗಿ ಹೋಗೋದಿಲ್ಲ. ಡ್ರೈವರ ಹೆಂಡತಿಯೂ ಬರಬೇಕು, ಅಡುಗೆ ಅವಳೇ ಮಾಡಬೇಕು, ಈರುಳ್ಳಿ ಹಾಕಬಾರದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಲೆಗೆ ಸೌದೆ ಹಾಕುತ್ತಿದ್ದಳು.

"ಯಾವ ಗಿಡ ಓದುತ್ತಂತೆ?"

"ಅದೇ, ನೀನು ಒಲೆಗೆ ಹಾಕ್ತಿದ್ದೀಯಲ್ಲ. ಬಳ್ಳಾರಿ ಜಾಲಿ."

ಅವಳ ಕೈ ಅಲ್ಲೇ ನಿಂತಿತು. ಸೌದೆಯನ್ನ ನೋಡಿದಳು. ನನ್ನನ್ನ ನೋಡಿದಳು.

"ಇದನ್ನ ಮುಗಿಸೋಕೆ ಮೂರು ವರ್ಷ ಯಾಕೆ? ಒಂದು ಕೊಡಲಿ, ಒಂದು ಬೆಳಿಗ್ಗೆ ಸಾಕಲ್ಲ."

ತಾಂಬೂಲದ ಚೀಲ

ತೇರಿಗೆ ಮೊದಲ ಸಲ ಹೋದಾಗ ಹೆಂಡತಿ ಜೀಪಿನಿಂದ ಇಳಿಯಲೇ ಇಲ್ಲ. "ಏನ್ರೀ, ನೆಲಕ್ಕೆ ಕುಂಕುಮ ಚೆಲ್ಲಿದ್ದಾರೆ, ತುಳೀಲಾ?" ಅಂದಳು. ಅಷ್ಟು ಕೆಂಪು.

ಆ ಮರಳನ್ನ ಹುಡುಗಿ ಜಾಗಜಾಗದಲ್ಲಿ ತೋಡಿ ಚೀಲಕ್ಕೆ ತುಂಬಿತು. ಚೆನ್ನೈಗೆ ತಂದು ಪರೀಕ್ಷೆ ಮಾಡಬೇಕಂತೆ. ಬಟ್ಟೆ ಚೀಲವೇ ಆಗಬೇಕು, ಪ್ಲಾಸ್ಟಿಕ್ ಆಗದು. ಅಷ್ಟೊಂದು ಬಟ್ಟೆ ಚೀಲ ಎಲ್ಲಿಂದ ತರೋದು? ಅವರ ಮನೆಯಲ್ಲಿ ನೆಂಟರ ಮದುವೆಗಳಲ್ಲಿ ಕೊಟ್ಟ ತಾಂಬೂಲದ ಚೀಲ ಪೆಟ್ಟಿಗೆ ತುಂಬಾ ಇತ್ತು. ಹಳದಿ ಚೀಲ. ಮೇಲೆ ಹೆಣ್ಣಿನ ಹೆಸರು, ಗಂಡಿನ ಹೆಸರು, ಮದುವೆ ತಾರೀಖು. ಎಲ್ಲಾ ತಂದಿತ್ತು.

ವಾಪಸ್ ಬರುವಾಗ ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಬಂತು. ಆಗ ಮರಳು ಕಳ್ಳತನದ ಮೇಲೆ ಪೊಲೀಸರ ಕಣ್ಣು ಬಿದ್ದಿದ್ದ ಕಾಲ. ಹೆಡ್ ಕಾನ್‌ಸ್ಟೇಬಲ್ ಹಿಂದುಗಡೆ ಬಾಗಿಲು ತೆಗೆದ. ಹಳದಿ ಚೀಲಗಳು ಸಾಲಾಗಿ ಕೂತಿದ್ದವು.

"ಎಷ್ಟು ಮದುವೆ ಮುಗಿಸ್ಕೊಂಡು ಬರ್ತಿದ್ದೀರಿ?"

ಅವನು ಒಂದು ಚೀಲದಲ್ಲಿ ಕೈ ಹಾಕಿದ. ತೆಂಗಿನಕಾಯಿ ಸಿಗುತ್ತೆ ಅಂತ ಹಾಕಿದ. ಮುಷ್ಟಿ ತುಂಬಾ ಮರಳು ಬಂತು. ಇನ್ನೊಂದರಲ್ಲಿ ಹಾಕಿದ. ಮರಳು. ಮೂರನೇದು. ಮರಳು. ಅವನ ಮುಖ ಬಿಳಿಚಿಕೊಂಡಿತು.

"ಇದೆಲ್ಲಾ ಏನು?"

ಹುಡುಗಿ ಇಂಗ್ಲಿಷಿನಲ್ಲಿ ಶುರು ಮಾಡಿತು. ಅವನಿಗೆ ಇನ್ನೂ ಅನುಮಾನ ಬಂತು. ಎಲ್ಲರನ್ನೂ ಇಳಿಸಿದ. ಮರಳು ಇಟ್ಟುಕೊಂಡು ಕಳಿಸ್ತೀನಿ ಅಂದ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಎರಡು ವಾರದ ಕೆಲಸ ಅದು. ಆಗ ನನ್ನ ಹೆಂಡತಿ ಮುಂದೆ ಹೋದಳು.

"ಅಣ್ಣಾಚಿ, ಇದು ಮನೆ ಕಟ್ಟೋ ಮರಳಲ್ಲ. ಡಿಗ್ರಿ ಮರಳು. ಈ ಪಾಪಾ ಮರಳು ಓದುತ್ತೆ."

ಆ ಕಡೆ ಗಂಡಸರನ್ನೆಲ್ಲ ಅಣ್ಣಾಚಿ ಅನ್ನೋದು ರೂಢಿ. ಅವಳು ಒಂದೇ ದಿನದಲ್ಲಿ ಕಲಿತಿದ್ದಳು. ಪಾಪಾ ಅಂದರೆ ತಮಿಳಿನಲ್ಲಿ ಮಗು, ಹುಡುಗಿಯನ್ನ ಅವಳು ಹಾಗೇ ಕರೆಯೋದು.

ಅವನು ಚೀಲದ ಮೇಲಿನ ಹೆಸರು ಓದಿದ. ಮತ್ತೆ ಮರಳು ನೋಡಿದ. ತಲೆ ಕೆರೆದುಕೊಂಡ.

"ಮರಳು ಕದಿಯೋರು ಲಾರಿ ತರ್ತಾರೆ. ತಾಂಬೂಲದ ಚೀಲದಲ್ಲಿ ಕದಿಯೋರನ್ನ ನಾನು ನೋಡಿಲ್ಲ. ಇದನ್ನ ಕೇಸು ಅಂತ ಬರೆದರೆ ಇನ್‌ಸ್ಪೆಕ್ಟರು ನನ್ನನ್ನೇ ಆಸ್ಪತ್ರೆಗೆ ಕಳಿಸ್ತಾರೆ. ಹೋಗಮ್ಮಾ, ಹೋಗು."

ಎಲ್ಲಾ ಸತ್ತವು

ಜಾಲಿ ಗಿಡದ ಕೆಳಗೆ ಬೇರೆ ಏನೂ ಬೆಳೆಯೋದಿಲ್ಲ ಅಂತ ಹುಡುಗಿಗೆ ತೋರಿಸಬೇಕಿತ್ತು. ಅದಕ್ಕೆ ಗೂಟ ನೆಟ್ಟು, ದಾರ ಕಟ್ಟಿ, ಹುಲ್ಲಿನ ಬೀಜ ಹಾಕಿ ಬಂದಿದ್ದೆವು. ಎರಡು ತಿಂಗಳು ಬಿಟ್ಟು ಹೋಗಿ ನೋಡಿದರೆ ಜಾಲಿ ನೆರಳಿನ ಹುಲ್ಲೆಲ್ಲಾ ಒಣಗಿತ್ತು. ಹುಡುಗಿ ಕುಣಿದುಬಿಟ್ಟಿತು. ತಕ್ಷಣ ಪ್ರೊಫೆಸರಿಗೆ ಹೇಳಬೇಕು.

ಹತ್ತಿರದ ಊರಿನಲ್ಲಿ ಒಂದು ಎಸ್‌ಟಿಡಿ ಬೂತು. ಹುಡುಗಿ ಒಳಗೆ ಹೋಯಿತು. ಗಾಜಿನ ಬಾಗಿಲು ಮುಚ್ಚುತ್ತಿರಲಿಲ್ಲ, ಲೈನೂ ಸರಿ ಇರಲಿಲ್ಲ. ಕೂಗಬೇಕಾಯಿತು.

"ಸಾರ್! ಎಲ್ಲಾ ಸತ್ತವು ಸಾರ್! ಮೂರನೇ ಜಾಗದಲ್ಲಿ ಒಂದೂ ಉಳಿದಿಲ್ಲ! ಹೌದು ಸಾರ್, ಸಣ್ಣವು ಮೊದಲು ಸತ್ತವು! ನನಗೆ ತುಂಬಾ ಖುಷಿ ಆಯ್ತು ಸಾರ್! ಇನ್ನೆರಡು ಜಾಗದಲ್ಲೂ ಹೀಗೇ ಸಾಯಿಸಿ ತೋರಿಸ್ತೀನಿ!"

ಹೊರಗೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಎದ್ದು ಹೋದರು. ಬೂತಿನವನು ಎದ್ದ. ಹುಡುಗಿ ಹೊರಗೆ ಬರುವಷ್ಟರಲ್ಲಿ ಷಟರ್ ಅರ್ಧ ಎಳೆದಿದ್ದ. ಕೈಯಲ್ಲಿ ಷಟರ್ ಎಳೆಯೋ ಕೊಕ್ಕೆ.

"ಯಾರಮ್ಮಾ ಸತ್ತಿದ್ದು?" ಅಂದ.

ಹುಡುಗಿಗೆ ಇನ್ನೂ ನಗು. "ಹುಲ್ಲು."

"ಯಾರು?"

"ಹುಲ್ಲು ಅಣ್ಣಾಚಿ. ಜಾಲಿ ಕೆಳಗಿನ ಹುಲ್ಲು."

ಅವನು ನನ್ನ ಹೆಂಡತಿ ಕಡೆ ತಿರುಗಿದ. ಅವಳು ಹೌದು ಅಂತ ತಲೆ ಆಡಿಸಿದಳು. ಅವನು ಕೊಕ್ಕೆ ಕೆಳಗಿಟ್ಟ. ಕುರ್ಚಿ ಮೇಲೆ ಕುಸಿದ. ನೀರು ಕುಡಿದ.

"ನಮ್ಮಪ್ಪ ಸತ್ತಾಗ ನಾವು ಚೆನ್ನೈಗೆ ಕಾರ್ಡು ಬರೆದೆವು," ಅಂದ. "ಹುಲ್ಲು ಸತ್ತಿದ್ದಕ್ಕೆ ಎಸ್‌ಟಿಡಿ ಮಾಡ್ತಾರಾ?"

ಬಿಲ್ಲೆ

ಇದು ನಿಜವಾಗಿ ಡಿಗ್ರಿ ಕೈಬಿಟ್ಟು ಹೋಗ್ತಿದ್ದ ಸಂಗತಿ.

ಹುಡುಗಿ ತೇರಿಯಲ್ಲಿ ನಲವತ್ತು ಗಿಡ ಆರಿಸಿಕೊಂಡಿತ್ತು. ಕೆಲವು ಜಾಲಿ, ಕೆಲವು ಅಲ್ಲಿನದೇ ಉಡೈ ಮರ. ಉಡೈ ಅಂದರೆ ಮುಳ್ಳಿನ ಮರ, ಕೊಡೆ ಬಿಚ್ಚಿದ ಹಾಗೆ ಇರುತ್ತೆ. ಒಂದೊಂದಕ್ಕೂ ತಗಡಿನ ಬಿಲ್ಲೆ ಕಟ್ಟಿ ನಂಬರು ಹೊಡೆದಿದ್ದೆವು. ಮೂರು ತಿಂಗಳಿಗೊಮ್ಮೆ ಹೋಗೋದು, ಕೆಲವು ದಿನ ಅಲ್ಲೇ ಉಳಿದು ಅಡುಗೆ ಮಾಡಿಕೊಳ್ಳೋದು, ಎತ್ತರ ಅಳೆಯೋದು, ನಂಬರಿನ ಮುಂದೆ ಬರೆಯೋದು. ಡಿಗ್ರಿ ನಿಂತಿರೋದೇ ಆ ನಂಬರಿನ ಮೇಲೆ.

ಎರಡನೇ ವರ್ಷ. ಒಂದು ಬೆಳಿಗ್ಗೆ ಅಳೆಯೋಕೆ ಶುರು ಮಾಡಿದೆವು. ಏಳನೇ ನಂಬರಿನ ಗಿಡ ನನ್ನ ಸೊಂಟದಷ್ಟು ಇದ್ದಿದ್ದು. ಹೋಗಿ ನೋಡಿದರೆ ಏಳನೇ ನಂಬರು ತಾಳೆ ಮರದ ಮೇಲಿದೆ.

ಹುಡುಗಿ ಕಣ್ಣು ಉಜ್ಜಿಕೊಂಡಿತು. "ಅಣ್ಣಾ, ಇದು ಜಾಲಿ ಆಗಿತ್ತಲ್ಲ?"

ಹನ್ನೆರಡು ಒಬ್ಬರ ಬೇಲಿ ಗೂಟಕ್ಕೆ. ಇಪ್ಪತ್ತು ಒಂದು ಹುಣಸೆ ಮರಕ್ಕೆ. ಮೂವತ್ತೊಂದು ಒಂದು ಮನೆಯ ಬಾಗಿಲಿಗೆ. ನಮ್ಮ ಗಿಡಗಳ ಮೇಲೆ ಒಂದೂ ಇಲ್ಲ. ಹುಡುಗಿ ಮರಳಿನ ಮೇಲೆ ಕೂತುಬಿಟ್ಟಿತು. ಒಂದೂವರೆ ವರ್ಷದ ಲೆಕ್ಕ ಹೋಯಿತು. ಪ್ರೊಫೆಸರ ರಿಟೈರು ಹತ್ತಿರ ಬರ್ತಾ ಇದೆ.

ಊರಿನವರನ್ನ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಗೊತ್ತಾಯಿತು. ಹಿಂದೊಮ್ಮೆ ರಸ್ತೆ ಅಗಲ ಮಾಡೋರು ಬಂದು ಮರಕ್ಕೆ ನಂಬರು ಹಾಕಿ ಹೋಗಿದ್ದರು. ನಂಬರು ಬಿದ್ದ ಮರ ಎಲ್ಲಾ ಕತ್ತರಿಸಿದ್ದರು. ಈಗ ನಾವು ನಂಬರು ಹಾಕಿದೆವಲ್ಲ, ಜನ ಗಾಬರಿ ಬಿದ್ದರು. ಯಾರೋ ಒಬ್ಬ ತನ್ನ ಹೊಲದ ಪಕ್ಕದ ಬಿಲ್ಲೆ ಬಿಚ್ಚಿ ತನಗಾಗದವನ ತಾಳೆ ಮರಕ್ಕೆ ಕಟ್ಟಿದ. ಅವನು ಬಿಚ್ಚಿ ಇನ್ನೊಬ್ಬನ ಹುಣಸೆಗೆ. ಊರಿನಲ್ಲಿ ಯಾರಿಗೆ ಯಾರನ್ನ ಕಂಡರೆ ಆಗೋದಿಲ್ಲ ಅಂತ ಬಿಲ್ಲೆ ನೋಡಿದರೆ ಗೊತ್ತಾಗುತ್ತಿತ್ತು. ಬಾಗಿಲಿಗೆ ಬಿಲ್ಲೆ ಇದ್ದ ಆ ಮನೆ ಅಳಿಯನದು. ಕಟ್ಟಿದ್ದು ಮಾವ.

ಹುಡುಗಿ ಅಳುತ್ತಾ ಕೂತಿತ್ತು. ನನ್ನ ಹೆಂಡತಿ ಪಕ್ಕದಲ್ಲಿ ಕೂತಳು.

"ಯಾಕ್ ಅಳ್ತೀಯಾ ಪಾಪಾ? ಗಿಡ ಎಲ್ಲೂ ಹೋಗಿಲ್ಲ. ನಂಬರು ಹೋಗಿದೆ ಅಷ್ಟೆ. ಏಳು ಅಂದರೆ ಆ ಗೂನು ಬೆನ್ನಿಂದು ತಾನೇ? ಬಾ, ತೋರಿಸ್ತೀನಿ."

ಅವಳು ನಂಬರು ಹಿಡಿದವಳಲ್ಲ. ಒಂದೊಂದು ಗಿಡಕ್ಕೂ ತಾನೇ ಒಂದು ಗುರುತು ಇಟ್ಟುಕೊಂಡಿದ್ದಳು. ಗೂನು ಬೆನ್ನು, ಮೂಗು ಮುರುಕ, ಅವಳಿಜವಳಿ, ಕೋಪದವಳು. ಹುಡುಗಿ ಹಳೇ ಎತ್ತರ ಓದೋದು, ಅವಳು ಗಿಡ ತೋರಿಸೋದು, ನಾನು ಅಳೆದು, ಊರಲ್ಲಿ ಹುಡುಕಿ ತಂದ ಬಿಲ್ಲೆ ಮತ್ತೆ ಕಟ್ಟೋದು. ಸಾಯಂಕಾಲಕ್ಕೆ ಮೂವತ್ತೊಂಬತ್ತು ಸರಿ ಹೋಯಿತು. ನಲವತ್ತನೇ ಗಿಡವೂ ಸಿಕ್ಕಿತು. ಬಿಲ್ಲೆ ಮಾತ್ರ ಸಿಗಲಿಲ್ಲ.

ಜೀಪು ಹತ್ತುವಾಗ ಎದುರಿಗೆ ಒಂದು ಆಡು ಬಂತು. ಕುತ್ತಿಗೆಯಲ್ಲಿ ನಲವತ್ತು.

ಹಿಂದೆ ಒಬ್ಬ ಮುದುಕ ಕೋಲು ಊರಿಕೊಂಡು ಬಂದ. ಆಡು ಅವನದಲ್ಲವಂತೆ, ಪಕ್ಕದ ಮನೇದಂತೆ.

"ಇದಕ್ಕೆ ಯಾಕೆ ಕಟ್ಟಿದಿರಿ ಅಣ್ಣಾಚಿ?"

"ದಿನಾ ನನ್ನ ನುಗ್ಗೆ ಗಿಡ ತಿನ್ನುತ್ತೆ. ನಂಬರು ಇರೋದನ್ನ ಕತ್ತರಿಸೋಕೆ ಬರ್ತಾರೆ ಅಂದರು," ಅಂದ. "ಯಾವಾಗ ಬರ್ತೀರಿ?"

ಕರಿಯ

ಇದು ಚೆನ್ನೈಯಲ್ಲಿ. ಆಡು ಜಾಲಿ ಕಾಯಿ ತಿಂದರೆ ಬೀಜ ಹೊಟ್ಟೆಯಲ್ಲಿ ಕರಗೋದಿಲ್ಲ. ಹಿಕ್ಕೆಯಲ್ಲಿ ಬರುತ್ತೆ, ಬಿದ್ದ ಕಡೆ ಮೊಳೆಯುತ್ತೆ. ಇದನ್ನ ಎಣಿಸಿ ತೋರಿಸಬೇಕಂತೆ. ಅದಕ್ಕೊಂದು ಆಡು ಬೇಕು. ವೈಷ್ಣವರ ಮನೆ ಮಹಡಿಯಲ್ಲಿ ಆಡು ಕಟ್ಟೋಕಾಗುತ್ತಾ? ಕಾಲೇಜಿನ ಹಿಂದೆ ನಮ್ಮ ಕ್ವಾರ್ಟರ್ಸು. ಅಲ್ಲಿ ಕಟ್ಟೋಣ ಅಂತಾಯಿತು.

ಮಾಂಸದ ಅಂಗಡಿಯವನ ಹತ್ತಿರ ಹೋಗಿ ಎರಡು ವಾರಕ್ಕೆ ಒಂದು ಆಡು ಕೊಡು ಅಂದೆ.

"ಕತ್ತರಿಸಿ ಕೊಡ್ಲಾ, ಹಾಗೇನಾ?"

"ಹಾಗೇ. ವಾಪಸ್ ತಂದು ಕೊಡ್ತೀನಿ."

ಅವನು ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದ. ಕುಡಿದಿದ್ದೀನಾ ಅಂತ ನೋಡಿದ.

ಆಡು ಬಂತು. ಕಪ್ಪಗಿತ್ತು. ಸಾಲು ಮನೆಯವರೆಲ್ಲಾ ಯಾವತ್ತು ಊಟ ಅಂತ ಕೇಳೋಕೆ ಶುರು ಮಾಡಿದರು. ಹೆಂಡತಿಗೆ ಹೇಳಿದೆ, ಹೆಸರಿಡಬೇಡ, ಇದು ವಾಪಸ್ ಹೋಗೋದು ಅಂತ. ಆಗಲೇ ಇಟ್ಟಿದ್ದಳು. ಕರಿಯ.

ಎರಡು ವಾರ ಆದ ಮೇಲೆ ಹಗ್ಗ ಹಿಡಿದುಕೊಂಡು ಅಂಗಡಿಗೆ ಹೋದೆ. ಅವಳು ಬಾಗಿಲು ಹಾಕಿಕೊಂಡು ಒಳಗಿದ್ದಳು. ಅವತ್ತಿಂದ ನಮ್ಮನೆಯಲ್ಲಿ ಭಾನುವಾರ ಬೇಳೆ ಸಾರು. ಈಗಲೂ ಅದೇ. ನಾನೇ ಮಾಡಿಕೊಳ್ತೀನಿ.

ಅಂಗಡಿಯವನು ಆಡನ್ನ ಸುತ್ತು ಹಾಕಿ ನೋಡಿದ. ಹೊಟ್ಟೆ ತಡವಿದ. ದಪ್ಪ ಆಗಿತ್ತು.

"ನಮ್ಮ ತಾತನ ಕಾಲದಿಂದ ಅಂಗಡಿ ಇದೆ," ಅಂದ. "ಇಲ್ಲಿಂದ ಹೋದ ಆಡು ನಡ್ಕೊಂಡು ವಾಪಸ್ ಬಂದಿದ್ದು ಇದೇ ಮೊದಲು."

ತಾಳ್ಮೆ

ಆ ಎರಡು ವಾರದಲ್ಲೇ ಇನ್ನೊಂದು ನಡೆಯಿತು.

ಹುಡುಗಿಗೆ ಗಂಡು ನೋಡುತ್ತಿದ್ದರು. ಡಿಗ್ರಿ ಆಗಲಿ, ಆಮೇಲೆ ಮದುವೆ ಅಂತ ಹುಡುಗಿ ಹಟ. ಗಂಡಿನ ತಾಯಿಗೆ ಅನುಮಾನ. ಅದೇನು ಅಂಥಾ ಓದು, ನೋಡೇ ಬಿಡ್ತೀನಿ ಅಂತ ಹೇಳದೆ ಕೇಳದೆ ಡಿಪಾರ್ಟ್‌ಮೆಂಟಿಗೆ ಬಂದರು. ಒಂಬತ್ತು ಗಜದ ಸೀರೆ. ಯಾರೋ ನಮ್ಮ ಕ್ವಾರ್ಟರ್ಸ್ ಕಡೆ ಕೈ ತೋರಿಸಿದ್ದಾರೆ.

ಹುಡುಗಿ ಆಡಿನ ಹಿಂದೆ ಮಣೆ ಹಾಕಿಕೊಂಡು ಕೂತಿತ್ತು. ಮುಂದೆ ತಟ್ಟೆ. ಕೈಯಲ್ಲಿ ಸಣ್ಣ ಚಿಮಟ. ಹಿಕ್ಕೆ ಒಡೆದು ಬೀಜ ತೆಗೆದು ಎಣಿಸುತ್ತಿತ್ತು. ಆಯಮ್ಮ ಬಾಗಿಲಲ್ಲಿ ನಿಂತರು. ಹುಡುಗಿಗೆ ಬೆನ್ನು, ಗೊತ್ತಿಲ್ಲ. ನನ್ನ ಹೆಂಡತಿ ನೋಡಿದಳು. ಮದುವೆ ನಿಂತೇ ಹೋಯ್ತು ಅಂದುಕೊಂಡೆ ಅಂತ ಆಮೇಲೆ ಹೇಳಿದಳು.

ಆಯಮ್ಮ ಕಾಲು ಗಂಟೆ ಹಾಗೇ ನಿಂತಿದ್ದರು. ಹುಡುಗಿ ತಲೆ ಎತ್ತಲಿಲ್ಲ. ಒಂದು ಹಿಕ್ಕೆ, ಮೂರು ಬೀಜ, ಬರೆಯೋದು. ಒಂದು ಹಿಕ್ಕೆ, ಎರಡು ಬೀಜ, ಬರೆಯೋದು.

ಆಯಮ್ಮ ನನ್ನ ಹೆಂಡತಿ ಕಿವಿಯಲ್ಲಿ ಮೆಲ್ಲಗೆ ಅಂದರಂತೆ, "ಎಷ್ಟು ತಾಳ್ಮೆ! ನಮ್ಮ ಹುಡುಗನ ಜೊತೆ ಬಾಳೋಕೆ ಇಂಥವಳೇ ಬೇಕು."

ಸಾರ್ವಜನಿಕರು

ಮೂರನೇ ವರ್ಷ ಹೆಂಡತಿ ತೇರಿಗೆ ಬರಲಿಲ್ಲ. ಮೊಣಕಾಲು ನೋವು. ಹುಡುಗಿಯ ಸೋದರತ್ತೆ ಜೊತೆಗೆ ಬಂದರು. ಆ ವರ್ಷವೇ ಹುಡುಗಿಗೆ ಒಂದು ವಿಚಿತ್ರ ಕಂಡಿತು.

ಒಂದು ದಿಬ್ಬದ ಹಿಂದೆ, ಬರೀ ಬೋಳು ಮರಳು. ಆ ಬೋಳಿನ ನಡುವೆ ದುಂಡಗೆ ಒಂದು ಜಾಗದಲ್ಲಿ ಮಾತ್ರ ಜಾಲಿ ಸೊಂಟದೆತ್ತರ ಎದ್ದಿತ್ತು. ದಟ್ಟವಾಗಿ. ಹತ್ತಿರ ನೀರಿಲ್ಲ. ಮನೆ ಇಲ್ಲ. ಆಡು ಹೋಗೋ ದಾರಿಯಿಲ್ಲ. ಹುಡುಗಿ ಸುತ್ತಲೂ ಅಳೆಯಿತು, ಮಣ್ಣು ತೋಡಿ ಪರೀಕ್ಷೆ ಮಾಡಿತು. ಟೇಪು ಹಿಡಿದವನು ನಾನೇ. ಮಣ್ಣಲ್ಲಿ ಸಾರ ಜಾಸ್ತಿ ಇದೆಯಂತೆ. ಯಾಕೆ ಅಂತ ಗೊತ್ತಿಲ್ಲ. ಗಾಳಿ ಬೀಜ ತಂದು ಹಾಕಿರಬೇಕು, ದಿಬ್ಬ ತೇವ ಹಿಡಿದಿರಬೇಕು ಅಂತ ಒಂದು ಅಧ್ಯಾಯವೇ ಬರೆಯಿತು. ಮರಳಿನ ನಡುವೆ ದ್ವೀಪ ಅಂತ ಹೆಸರಿಟ್ಟಿತು.

ಬರೆದ ಪಿಎಚ್‌ಡಿ ಪುಸ್ತಕ ಕೊಟ್ಟಾಯಿತು. ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ಅದಕ್ಕೆ ದಿನ ಗೊತ್ತಾಯಿತು. ಪ್ರೊಫೆಸರ ರಿಟೈರಿಗೆ ಹದಿನೈದು ದಿನ ಉಳಿದಿತ್ತು. ಪರೀಕ್ಷಕರು ಉತ್ತರದ ಮರಳುಗಾಡಿನ ಸೀಮೆಯವರು. ಭಾರಿ ಬಿಗಿ ಮನುಷ್ಯ ಅಂತ ಎಲ್ಲರಿಗೂ ಭಯ. ಅವರು ಆಗದು ಅಂದರೆ ಇನ್ನೊಬ್ಬ ಗೈಡು, ಇನ್ನೊಂದು ಮೂರು ವರ್ಷ.

ವೈವಾ ನೋಟಿಸು ಬೋರ್ಡಿಗೆ ಹಾಕಿದರು. ಅಟೆಂಡರ್ ಓದಿ ಹೇಳಿದ. "ಸಾರ್ವಜನಿಕರು ಬರಬಹುದು, ಪ್ರಶ್ನೆ ಕೇಳಬಹುದು." ಇಂಥ ನೋಟಿಸು ಎಲ್ಲ ವೈವಾಕ್ಕೂ ಹಾಕ್ತಾರೆ. ಸಾರ್ವಜನಿಕರು ಅನ್ನೋರು ಯಾವತ್ತೂ ಬಂದಿದ್ದಿಲ್ಲ. ಮನೆಯಲ್ಲಿ ಹೇಳಿದೆ.

"ಸಾರ್ವಜನಿಕರು ಅಂದ್ರೆ ಯಾರು?" ಅಂದಳು.

"ಯಾರಾದ್ರೂ. ನಾವೂನೂ."

ಮದುವೆ ಸೀರೆ ತೆಗೆದು ಉಟ್ಟಳು. ಹೂ ಮುಡಿದಳು. ಹೋಗಿ ಎರಡನೇ ಸಾಲಿನಲ್ಲಿ ಕೂತೆವು.

ಎಲ್ಲಾ ಇಂಗ್ಲಿಷು. ನನಗೆ ಅರ್ಧ ಗೊತ್ತಾಗುತ್ತೆ, ಅವಳಿಗೆ ಇಲ್ಲ. ಪರದೆ ಮೇಲೆ ಫೋಟೋ ಬರ್ತಾ ಇತ್ತು. ಹುಡುಗಿ ಕೋಲು ಹಿಡಿದು ವಿವರ ಹೇಳ್ತಾ ಇತ್ತು. ದ್ವೀಪದ ಫೋಟೋ ಬಂತು. ಪರೀಕ್ಷಕರು ಮುಂದಕ್ಕೆ ಬಾಗಿದರು. ಇಡೀ ಪುಸ್ತಕದಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆ ಅಧ್ಯಾಯ ಅಂದರು. ಪ್ರೊಫೆಸರ ಮುಖ ಅರಳಿತು.

ನನ್ನ ಹೆಂಡತಿ ನನ್ನ ಮಣಿಕಟ್ಟು ಹಿಡಿದಳು.

"ಏನ್ರೀ. ಆ ಫೋಟೋದಲ್ಲಿ ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲಿದೆ ನೋಡಿ."

"ಇದೆ. ಏನಾಯ್ತು?"

"ಅದು ನಾನು ಪಾತ್ರೆ ತೊಳೀತಿದ್ದ ಕಲ್ಲು."

ನಾವು ಅಳೆಯೋಕೆ ಹೋದ ಮೇಲೆ ಅವಳು ಪಾತ್ರೆ ತೊಳೀತಿದ್ದಳು, ಸರಿ. ಎಲ್ಲಿ ತೊಳೀತಿದ್ದಳು ಅಂತ ಎರಡು ವರ್ಷದಲ್ಲಿ ನಾನೂ ಕೇಳಿರಲಿಲ್ಲ, ಹುಡುಗಿಯೂ ಕೇಳಿರಲಿಲ್ಲ.

"ಸುಮ್ಮನಿರು," ಅಂದೆ. "ಬಾಯಿ ಬಿಡಬೇಡ. ಹುಡುಗಿ ಡಿಗ್ರಿ ಹೋಗುತ್ತೆ."

ಪರೀಕ್ಷಕರ ಪ್ರಶ್ನೆ ಮುಗಿಯಿತು. ಪ್ರೊಫೆಸರು ಎದ್ದು ನಿಂತು, ರೂಢಿಯಂತೆ ಕೇಳಿದರು. "ಸಾರ್ವಜನಿಕರಿಂದ ಪ್ರಶ್ನೆ ಏನಾದರೂ?" ಕೇಳ್ತಾ ಕೇಳ್ತಾನೇ ಕಾಗದ ಜೋಡಿಸಿಕೊಳ್ತಿದ್ದರು. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಬೋಂಡಾ, ಕಾಫಿ ಬಂದಿತ್ತು.

ನನ್ನ ಹೆಂಡತಿ ಎದ್ದಳು. ನಾನು ಸೆರಗು ಹಿಡಿದೆ. ರೇಷ್ಮೆ. ಜಾರಿತು.

"ಸಾರ್," ಅಂದಳು, ತಮಿಳಿನಲ್ಲಿ. "ಅದು ದ್ವೀಪ ಅಲ್ಲ. ನಾನು ಅಲ್ಲಿ ಪಾತ್ರೆ ತೊಳೀತಿದ್ದೆ."

ಹುಡುಗಿಯ ಕೈಯಿಂದ ಕೋಲು ಬಿತ್ತು. ಪರೀಕ್ಷಕರು ಏನು ಅಂತ ಕೇಳಿದರು. ಪ್ರೊಫೆಸರು ಇಂಗ್ಲಿಷ್ ಮಾಡಿ ಹೇಳಿದರು. ಪರೀಕ್ಷಕರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ನನ್ನ ಹೆಂಡತಿಯನ್ನ ಮುಂದಕ್ಕೆ ಕರೆದರು. ಮುಗೀತು ಅಂದುಕೊಂಡೆ. ಪ್ರೊಫೆಸರ ಬಾಯಿಂದ ತಮಿಳು ಮಾಡಿಸಿ ಒಂದೊಂದೇ ಕೇಳಿದರು.

"ದಿನಕ್ಕೆ ಎಷ್ಟು ಸಲ?"

"ಎರಡು ಹೊತ್ತು."

"ಎಷ್ಟು ನೀರು?"

"ಹೊತ್ತಿಗೆ ಒಂದು ಕೊಡ."

"ಯಾವುದರಿಂದ ಉಜ್ಜುತ್ತಿದ್ದಿರಿ?"

"ಬೂದಿ, ಹುಣಸೆ ಸಿಪ್ಪೆ. ಉಳಿದ ಗಂಜಿ ಕಲ್ಲಿನ ಮೇಲೆ ಸುರೀತಿದ್ದೆ. ಆಡುಗಳು ಬಂದು ನೆಕ್ಕುತ್ತಿದ್ದವು."

"ಆಡು! ಆ ಕಡೆ ಆಡು ಬರುತ್ತಿರಲಿಲ್ಲವಲ್ಲ?"

"ಗಂಜಿ ಹಾಕೋವರೆಗೂ ಬರ್ತಿರಲಿಲ್ಲ. ಆಮೇಲೆ ಬರ್ತಿದ್ದವು. ನಾನು ತೊಳೆಯೋವರೆಗೂ ನಿಂತು ಹಿಕ್ಕೆ ಹಾಕ್ತಿದ್ದವು."

ಪರೀಕ್ಷಕರು ಮೇಜು ಗುದ್ದಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಬೈಯಲಿಲ್ಲ, ಆ ಮನುಷ್ಯ ನಗುತ್ತಿದ್ದರು.

"ಅಷ್ಟು ದೂರ ಯಾಕೆ ಹೋಗಿ ತೊಳೆದಿರಿ ತಾಯೀ?"

"ಪಾಪಾ ಅಳೆಯೋ ಜಾಗ ಗಲೀಜು ಆಗಬಾರದು ಅಂತ ಸಾರ್."

ಆಮೇಲೆ ಅವರು ಹುಡುಗಿ ಕಡೆ ತಿರುಗಿದರು. ಗಾಳಿ ಬಿಡು, ತೇವ ಬಿಡು, ಈಗ ಕೇಳಿದ್ದನ್ನ ಇಟ್ಟುಕೊಂಡು ಆ ಅಧ್ಯಾಯ ಮತ್ತೆ ಹೇಳು, ಇಲ್ಲೇ, ಈಗಲೇ ಅಂದರು. ಹುಡುಗಿ ಬಗ್ಗಿ ಕೋಲು ತಗೊಂಡಿತು. ಗಂಜಿಗೆ ಆಡು ಬಂತು, ಆಡಿನಿಂದ ಬೀಜ ಬಂತು, ಪಾತ್ರೆ ನೀರಿಗೆ ಮೊಳಕೆ ಬಂತು, ಬೂದಿಯಿಂದ ಮಣ್ಣಿಗೆ ಸಾರ ಬಂತು, ಮನುಷ್ಯ ಹೋದ ಕಡೆಯೆಲ್ಲಾ ಜಾಲಿ ಹೋಗುತ್ತೆ ಅಂತ ಒಂದಕ್ಕೊಂದು ಕೂಡಿಸಿ ಹೇಳಿತು. ಅರ್ಧ ಗಂಟೆ ಹೇಳಿತು. ಬೋಂಡಾ ಆರಿಹೋಯಿತು. ಯಾರೂ ಅಲುಗಲಿಲ್ಲ. ಪರೀಕ್ಷಕರು ಹತ್ತು ದಿನದಲ್ಲಿ ಆ ಅಧ್ಯಾಯ ತಿದ್ದಿ ಕೊಡಬೇಕು ಅಂದರು, ಪೆನ್ನು ತೆಗೆದರು.

ಅಷ್ಟರಲ್ಲಿ ಪ್ರೊಫೆಸರು ನನ್ನ ಹೆಂಡತಿಗೆ ಹೇಳಿದರು, "ನೀವು ಹೇಳಿದ್ದು ಪ್ರಶ್ನೆ ಆಗಲಿಲ್ಲಮ್ಮಾ. ಕಾಗದದಲ್ಲಿ ಪ್ರಶ್ನೆ ಅಂತ ಬರೀಬೇಕು. ಏನಾದರೂ ಕೇಳಿ."

ಅವಳು ಹುಡುಗಿಯನ್ನ ನೋಡಿದಳು. ಕೇಳಿದಳು. ಹುಡುಗಿ ಎರಡು ಮಾತಿನಲ್ಲಿ ಉತ್ತರ ಹೇಳಿತು. ನನಗೆ ಸರಿಯಾಗಿ ಕೇಳಿಸಲಿಲ್ಲ. ಹಾಲ್ ಪೂರ್ತಿ ನಗುತ್ತಿತ್ತು.

ಮನೆಗೆ ನಡೆದು ಬರುವಾಗ, "ಯಾಕೆ ಎದ್ದೆ? ಡಿಗ್ರಿ ಹೋಗಿದ್ರೆ?" ಅಂದೆ.

"ಅಷ್ಟು ದೊಡ್ಡವರು ಪ್ರಶ್ನೆ ಇದೆಯಾ ಅಂತ ಕೇಳ್ತಾ ನಿಂತಿದ್ದಾರೆ. ಒಬ್ಬರೂ ಏಳಲಿಲ್ಲ," ಅಂದಳು. "ಅಯ್ಯೋ ಪಾಪ ಅನ್ನಿಸಿತು."

ಮಾರನೇ ದಿನ ವೈವಾ ಕಾಗದವನ್ನ ಯೂನಿವರ್ಸಿಟಿ ಆಫೀಸಿಗೆ ತಲುಪಿಸೋ ಕೆಲಸ ನನ್ನದೇ. ಅಲ್ಲಿನ ಗುಮಾಸ್ತರು ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾ ಬಂದರು. ಸಾರ್ವಜನಿಕರ ಪ್ರಶ್ನೆ ಅನ್ನೋ ಸಾಲಿಗೆ ಬಂದರು. ಅಲ್ಲಿ 'ಇಲ್ಲ' ಅಂತ ಇರೋದು ರೂಢಿ. ಅವರ ಪೆನ್ನು ನಿಂತಿತು. ಎದ್ದು ನಿಂತರು. ಪಕ್ಕದ ಮೇಜಿನವರನ್ನೂ ಕರೆದು ಗಟ್ಟಿಯಾಗಿ ಓದಿದರು.

"ಪ್ರಶ್ನೆ: ಮೂರು ವರ್ಷ ಮಣ್ಣನ್ನ ಕೇಳಿದೆಯಲ್ಲ, ಅಡುಗೆಯವಳನ್ನ ಒಂದು ಮಾತು ಯಾಕೆ ಕೇಳಲಿಲ್ಲ? ಅಭ್ಯರ್ಥಿಯ ಉತ್ತರ: ತಪ್ಪಾಯ್ತು ಅಕ್ಕಾ. ಪರೀಕ್ಷಕರ ಅಭಿಪ್ರಾಯ: ಉತ್ತರ ತೃಪ್ತಿಕರ. ಡಾಕ್ಟರೇಟ್ ಕೊಡಬಹುದು."